ಬಾಗಿಲಿಗೆ ನೇತುಬಿದ್ದ ಯೋಜನೆ

ಪುರಸಭೆಯ ಪರಿಸರ ಅಧಿಕಾರಿಗಳು ಊರಿಗೆಲ್ಲ ಕಾನೂನು ಬರೆಯಬಲ್ಲವರು. ಅವರ ಅಡುಗೆಮನೆಯ ಬಾಗಿಲ ಹಿಂದೆ ಮಾತ್ರ, ಪ್ಲಾಸ್ಟಿಕ್ ಕವರುಗಳನ್ನು ತುರುಕಿದ ಇನ್ನೊಂದು ಪ್ಲಾಸ್ಟಿಕ್ ಕವರು ಹೊಟ್ಟೆ ಉಬ್ಬಿಸಿಕೊಂಡು ತೂಗುತ್ತಿತ್ತು. "ಈ ಪ್ಲಾಸ್ಟಿಕ್ ಕವರು ಬಿಡಿಸೋ ಯೋಜನೆ ನಿಮ್ಮ ಮನೇಲಾದ್ರೂ ನಡೆಯುತ್ತೇನ್ರೀ?" ಎಂದು ಸಮಿತಿಯ ಅಧ್ಯಕ್ಷೆ ಕೇಳಿದಾಗ, "ಓಹೋ, ಸುಸೂತ್ರವಾಗಿ!" ಎಂದುಬಿಟ್ಟಿದ್ದರು. ಸೋಮವಾರದ ಸಭೆಯಲ್ಲಿ ಅದನ್ನು ಸಾಬೀತು ಮಾಡಬೇಕು. ಇಲ್ಲದಿದ್ದರೆ ಯೋಜನೆಯೂ ಹೋಯಿತು, ಮಾನವೂ ಹೋಯಿತು.

ಅಂದೇ ಸಂಜೆ ಮನೆಯಲ್ಲಿ ನಿಷೇಧಾಜ್ಞೆ ಹೊರಬಿತ್ತು. ಮರುದಿನವೇ ಕಳ್ಳಸಾಗಣೆ ಶುರುವಾಯಿತು. ಅಮ್ಮನ ದಿಂಬು ಸರಬರ ಎನ್ನತೊಡಗಿತು.

"ಅಮ್ಮಾ, ಇದರೊಳಗೇನಿದೆ?"

"ಹತ್ತಿ ಕಣೋ."

"ಹತ್ತಿ ಸದ್ದು ಮಾಡುತ್ತಾ?"

"ನನ್ನ ವಯಸ್ಸಿಗೆ ಮೂಳೇನೇ ಸದ್ದು ಮಾಡುತ್ತೆ, ಹತ್ತಿ ಮಾಡಬಾರದಾ?"

ಬರೀ ನಿಷೇಧ ಸಾಲದೆಂದು ದಂಡ ಬಂತು: ಕವರು ತಂದವರು ಪಾತ್ರೆ ತೊಳೆಯಬೇಕು. ಹೆಂಡತಿ ರಾಜಾರೋಷವಾಗಿ ಕವರಿನಲ್ಲೇ ತರಕಾರಿ ತಂದಳು. "ದಿನಾ ತೊಳೆಯೋದು ನಾನೇ ಅಲ್ವಾ? ಇವತ್ತು ದಂಡ ಅಂದ್ಕೊಂಡು ತೊಳೀತೀನಿ."

(ಕಾನೂನಿನ ಈ ತೂತು ಯಾವ ಕರಡಿನಲ್ಲೂ ಅವರಿಗೆ ಕಂಡಿರಲಿಲ್ಲ.)

ದಂಡವನ್ನು ಬೆಳಗಿನ ಕಾಫಿಗೆ ವರ್ಗಾಯಿಸಲಾಯಿತು: ಕವರು ತಂದವರಿಗೆ ಕಾಫಿ ಇಲ್ಲ. ಜೊತೆಗೆ ಬಹುಮಾನ: ಕವರಿಲ್ಲದೆ ಬಂದವರ ಕೈಗೆ ಟೀವಿ ರಿಮೋಟು.

"ಬೇಡ ಅಂತೀರಿ, ದಂಡ ಅಂತೀರಿ, ಬಹುಮಾನ ಅಂತೀರಿ. ಟೊಮೇಟೊಗೇನು ಹಿಡಿಕೆ ಇದೆಯಾ? ಯಾವುದರಲ್ಲಿ ತರೋದು ಅಂತ ಮಾತ್ರ ಹೇಳಲ್ಲ!" ಎಂದು ಹೆಂಡತಿ ಸಿಡುಕಿದಳು.

"ಬದಲಿ ವ್ಯವಸ್ಥೆ ಮಾಡ್ಕೊಳ್ಳಿ," ಎಂದು ಕಚೇರಿಯ ದನಿಯಲ್ಲಿ ಅಪ್ಪಣೆ ಕೊಡಿಸಿ ಅವರು ಪೇಪರಿನ ಹಿಂದೆ ಮರೆಯಾದರು.

ಮರುದಿನ ಪವಾಡ. ಬಾಗಿಲ ಚಿಲಕಕ್ಕೆ ಬೂದು ಬಣ್ಣದ ಗಟ್ಟಿ ಚೀಲವೊಂದು ನೇತುಬಿದ್ದಿತ್ತು. ಅದನ್ನು ಕೈಗೆತ್ತಿಕೊಳ್ಳದೆ ಬಾಗಿಲು ತೆಗೆಯುವಂತಿರಲಿಲ್ಲ. ಈಗ ಕಾಫಿಯ ಭಯವಿತ್ತು, ರಿಮೋಟಿನ ಆಸೆಯಿತ್ತು, ಕೈಯಲ್ಲಿ ಚೀಲವೂ ಇತ್ತು. ಒಂಟಿಯಾಗಿ ಸೋತವೆಲ್ಲ ಒಟ್ಟಾಗಿ ಗೆದ್ದವು. ಅಮ್ಮನ ದಿಂಬು ಕೂಡ ಮೌನ ತಾಳಿತು.

ಸೋಮವಾರ ಬೆಳಗ್ಗೆ ಅಧಿಕಾರಿಗಳು ಬೀರುವನ್ನೇ ತಲೆಕೆಳಗು ಮಾಡಿದರು. "ನನ್ನ ಬೂದು ಪ್ಯಾಂಟೆಲ್ಲೇ? ಸಭೆಗೆ ಅಂತ ಇಟ್ಟಿದ್ದು!"

"ಬಾಗಿಲ ಹತ್ರ."

ಪ್ಯಾಂಟಿನ ಕಾಲಿಗೊಂದರಂತೆ ಈಗ ಎರಡು ಚೀಲ. ಜೇಬುಗಳು ಇದ್ದಲ್ಲೇ ಇದ್ದವು. ಒಂದರಿಂದ ಕೊತ್ತಂಬರಿ ಸೊಪ್ಪು ಇಣುಕುತ್ತಿತ್ತು.

"ಬದಲಿ ವ್ಯವಸ್ಥೆ ಅಂದಿದ್ದು ನೀವೇ. ಮಾಡ್ಕೊಂಡೆ."

ಮಂಡಿ ಮಾಸಿದ ಹಳೇ ಪ್ಯಾಂಟು ತೊಟ್ಟು, ಚೀಲ ಹಿಡಿದು ಹೊರಟರು. ಅಧ್ಯಕ್ಷೆ ಚೀಲವನ್ನು ತಿರುಗಿಸಿ ನೋಡಿದರು, ಎಳೆದು ನೋಡಿದರು, ಜೇಬಿಗೆ ಕೈಹಾಕಿ ನಕ್ಕರು. ಯೋಜನೆ ಪಾಸಾಯಿತು.

ಸಂಜೆ ಅವರು ಹಾರುತ್ತಲೇ ಮನೆಗೆ ಬಂದರು. "ಒಪ್ಪಿದರು ಕಣೇ! ಮಾರುಕಟ್ಟೆಯ ಅಂಗಡಿಗೊಂದರಂತೆ ಮಾದರಿ ಚೀಲ ಬೇಕಂತೆ. ಜೇಬಿರೋದೇ ಬೇಕಂತೆ!"

ಅಮ್ಮ ಸೂಜಿಗೆ ದಾರ ಪೋಣಿಸಿದರು. ಹೆಂಡತಿ ಕತ್ತರಿ ಹಿಡಿದು ಮೊದಲು ಬೀರುವಿನ ಕಡೆ ನೋಡಿದಳು. ಆಮೇಲೆ, ಅಷ್ಟೇ ಪ್ರೀತಿಯಿಂದ, ಅವರು ತೊಟ್ಟಿದ್ದ ಪ್ಯಾಂಟಿನ ಕಡೆ.