ಸರ್ಕಾರ ಕೊಟ್ಟ ರಾತ್ರಿಗಳು

ಸರ್ಕಾರಕ್ಕೆ ನನ್ನ ಮೇಲೆ ಏನು ಹಗೆಯೋ ನನಗೆ ತಿಳಿಯದು. ನಾನಾಗಿ ಅದರ ತಂಟೆಗೆ ಹೋದವಳಲ್ಲ. ಮೂರು ದಿನ ನಲ್ಲಿಯಲ್ಲಿ ನೀರು ಬಾರದಿದ್ದಾಗಲೂ ಬಾಯಿ ಮುಚ್ಚಿಕೊಂಡು ಕೊಡ ಹಿಡಿದು ನಿಂತವಳು. ಅಂಥ ಬಡಪಾಯಿಯ ನಿದ್ದೆಗೇ ಅದು ಕೈಹಾಕಿತು.

ನಮ್ಮವರು ರಾತ್ರಿ ಬಸ್ಸಿನ ಡ್ರೈವರು. ಇವತ್ತು ನಿನ್ನೆಯಿಂದಲ್ಲ, ಹತ್ತೊಂಬತ್ತು ವರ್ಷದಿಂದ. ಹುಡುಗನದು ರಾತ್ರಿ ಡ್ಯೂಟಿ ಎಂದು ಕೇಳಿ ನಮ್ಮಮ್ಮ ಆಗ ಕಣ್ಣೊರೆಸಿಕೊಂಡಿದ್ದರು. ಅನುಭವದಿಂದ ಹೇಳುತ್ತೇನೆ, ಸುಖಸಂಸಾರಕ್ಕೆ ಅದಕ್ಕಿಂತ ಒಳ್ಳೆಯ ಏರ್ಪಾಡು ಇನ್ನೊಂದಿಲ್ಲ. ಅವರು ಒಂದು ಹಗಲು ಆ ತುದಿಯ ಊರಿನಲ್ಲಿ ಡ್ರೈವರುಗಳ ಕೋಣೆಯಲ್ಲಿ ಮಲಗುವುದು, ಮರುಹಗಲು ನಮ್ಮ ಒಳಕೋಣೆಯಲ್ಲಿ ಕಿಟಕಿಗೆ ಕಪ್ಪು ಬಟ್ಟೆ ಕಟ್ಟಿಕೊಂಡು ಮಲಗುವುದು. ಎದ್ದ ಮೇಲೆ ಮೂರು ಗಂಟೆ ಮಾತುಕತೆ, ಊಟ, ಒಂದು ಸಣ್ಣ ಜಗಳ. ಜಗಳ ದೊಡ್ಡದಾಗುವ ಹೊತ್ತಿಗೆ ಸರಿಯಾಗಿ ಬಸ್ಸಿನ ಟೈಮಾಗುತ್ತಿತ್ತು. ವಾರದ ರಜೆಯ ರಾತ್ರಿ ಡಿಪೋದಲ್ಲಿ ಕೇರಂ. ಮಂಚದ ಉದ್ದಗಲಕ್ಕೂ ನಾನೊಬ್ಬಳೇ ಚಕ್ರವರ್ತಿನಿ. (ಸಾಮಂತರಾಗಿ ಎರಡು ದಿಂಬು.)

ಒಂದು ಬೆಳಿಗ್ಗೆ ನಮ್ಮತ್ತೆ ಪೇಪರು ಓದಿದರು. ಅವರು ಓದುವುದೆಂದರೆ ಬೀದಿಗೆಲ್ಲ ಕೇಳುವಂತೆ.

"ಸಾರ್ವಜನಿಕರ ಸುರಕ್ಷತೆ ಹಾಗೂ ಚಾಲಕರ ವಿಶ್ರಾಂತಿಯ ಹಿತದೃಷ್ಟಿಯಿಂದ, ರಾತ್ರಿ ಹತ್ತರಿಂದ ಬೆಳಗಿನ ಐದರವರೆಗೆ ಯಾವುದೇ ಸಾರ್ವಜನಿಕ ಬಸ್ಸು ಸಂಚರಿಸತಕ್ಕದ್ದಲ್ಲ. ಕೇಳಿಸಿಕೊಂಡೆಯೇನಮ್ಮಾ? ಕಡೆಗೂ ನನ್ನ ಮಗನಿಗೆ ರಾತ್ರಿ ನಿದ್ದೆ ಸಿಕ್ಕಿತು."

ನಾನೂ ಪೆದ್ದಿ, ಖುಷಿಪಟ್ಟೆ. ಹೊಸ ದಿಂಬು ಕೂಡ ತಂದೆ.

ಮೊದಲ ರಾತ್ರಿ ಹತ್ತಕ್ಕೆ ದೀಪ ಆರಿಸಿದೆವು. ಹತ್ತೂವರೆಗೆ ಕಣ್ಣುಬಿಟ್ಟು ನೋಡಿದರೆ ಅವರು ಗೋಡೆಗೆ ಒರಗಿ ನೆಟ್ಟಗೆ ಕೂತಿದ್ದಾರೆ, ಎರಡೂ ಕೈ ಮುಂದೆ.

"ರೀ, ಮಲಗಬಾರದಾ?"

"ಮಲಗಿದರೆ ಎಲ್ಲಿಗಾದರೂ ಗುದ್ದಿಬಿಡ್ತೀನಿ ಅನ್ನಿಸುತ್ತೆ ಕಣೇ."

"ಗುದ್ದಿದರೆ ಗೋಡೆಗೆ ತಾನೇ, ಮಲಗಿ."

ಹನ್ನೆರಡಕ್ಕೆ ಎದ್ದು ಮನೆ ಸುತ್ತಿದರು. ಅಡುಗೆಮನೆಯ ಗ್ಯಾಸು, ಹಿತ್ತಲ ಬಾಗಿಲು, ಬಚ್ಚಲ ನಲ್ಲಿ, ಎಲ್ಲ ತಪಾಸಣೆಯಾಯಿತು. ವಾಪಸು ಬಂದು ಮಂಚದ ನಾಲ್ಕು ಕಾಲುಗಳನ್ನೂ ಒಂದೊಂದಾಗಿ ಒದ್ದು ನೋಡಿದರು. ಬಸ್ಸಿನ ಟೈರು ನೋಡುವ ಅಭ್ಯಾಸ. ನಾನು ಮುಸುಕಿನೊಳಗಿಂದಲೇ, "ಗಾಳಿ ಸರಿಯಾಗಿದೆಯಾ?" ಎಂದೆ. "ಎಡಗಡೆ ಹಿಂದಿನದು ಸ್ವಲ್ಪ ಅಲ್ಲಾಡ್ತಿದೆ" ಎಂದರು, ಗಂಭೀರವಾಗಿ.

ಎರಡೂವರೆಗೆ ಮನೆಯ ದೀಪಗಳೆಲ್ಲ ಹತ್ತಿಕೊಂಡವು. ನಡುಮನೆಯಲ್ಲಿ ನಿಂತು, ನಡುರಾತ್ರಿ ಚಹಾದಂಗಡಿ ಮುಂದೆ ಬಸ್ಸು ನಿಲ್ಲಿಸಿ ಐವತ್ತು ಜನರನ್ನು ಎಬ್ಬಿಸುವ ಅದೇ ಗಂಟಲಿನಲ್ಲಿ ಹೇಳಿದರು, "ಹದಿನೈದು ನಿಮಿಷ ಟೈಮಿದೆ. ಚಹಾ ಕುಡಿಯೋರು ಕುಡೀಬಹುದು."

ತಮಾಷೆಯಲ್ಲ, ಬಾಯಿಗೆ ಬಂದುಬಿಟ್ಟಿತಂತೆ. ಅದಕ್ಕೆ ಸರಿಯಾಗಿ ನಮ್ಮತ್ತೆ ಗಾಬರಿಯಿಂದೆದ್ದು, ಸೀರೆ ಸರಿಮಾಡಿಕೊಂಡು, ಬಚ್ಚಲಿಗೆ ಹೋಗಿ ಬಂದು, "ಬಸ್ಸು ಹೊರಟಿಲ್ಲ ತಾನೇ?" ಎಂದು ಕೇಳಿ ಮತ್ತೆ ಮಲಗಿದರು. ಚಹಾ ಮಾಡಿದವಳು ಯಾರು ಎಂದು ಬೇರೆ ಹೇಳಬೇಕಿಲ್ಲ.

ಒಂದು ರಾತ್ರಿಯಾದರೆ ಸಹಿಸಬಹುದು. ಮೂರು ವಾರ. ಅವರಿಗೆ ಹಗಲು ಬಸ್ಸು ಕೊಟ್ಟಿದ್ದರು, ಬೆಳಿಗ್ಗೆ ಆರರಿಂದ ಮಧ್ಯಾಹ್ನ ಎರಡರವರೆಗೆ. ಮೂರಕ್ಕೆ ಮನೆಗೆ ಬಂದು, ಹಳೆಯ ಕಪ್ಪು ಬಟ್ಟೆ ಎಳೆದುಕೊಂಡು ಮಲಗಿದರೆ ಒಂಬತ್ತರವರೆಗೆ ನಗಾರಿ ಬಾರಿಸಿದರೂ ಏಳರು. ಆರು ಗಂಟೆ ಭರ್ತಿ ನಿದ್ದೆ. ಆಮೇಲೆ ಇಡೀ ರಾತ್ರಿ ತಾಜಾ. ಆ ತಾಜಾತನಕ್ಕೆ ಬಲಿಯಾದದ್ದು ನನ್ನ ಅಡುಗೆಮನೆ. ಒಂದು ರಾತ್ರಿ ಡಬ್ಬಿಗಳನ್ನೆಲ್ಲ ಇಳಿಸಿ, ಎತ್ತರದ ಪ್ರಕಾರ ಸಾಲಾಗಿ ನಿಲ್ಲಿಸಿದ್ದರು, ಡಿಪೋದಲ್ಲಿ ಬಸ್ಸು ನಿಲ್ಲಿಸಿದಂತೆ, ಮೂತಿಯೆಲ್ಲ ಬಾಗಿಲ ಕಡೆಗೆ. ಮರುದಿನ ಬೆಳಿಗ್ಗೆ ಎಲ್ಲರೂ ಉಪ್ಪು ಹಾಕಿದ ಚಹಾ ಕುಡಿದೆವು. ಇನ್ನೊಂದು ರಾತ್ರಿ ಹತ್ತನೇ ಕ್ಲಾಸಿನ ಮಗಳಿಗೆ ಎರಡು ಗಂಟೆಯವರೆಗೆ ಗಣಿತ ಹೇಳಿಕೊಟ್ಟರು. ಬಸ್ಸು ಗಂಟೆಗೆ ಅರವತ್ತು ಕಿಲೋಮೀಟರು ಹೋದರೆ ಎಷ್ಟು ಹೊತ್ತು ಎಂಬ ಲೆಕ್ಕಕ್ಕೆ, "ಆ ರಸ್ತೇಲಿ ಅರವತ್ತು ಹೋಗಕ್ಕಾಗಲ್ಲಮ್ಮಾ, ಎರಡು ಸೇತುವೆ ಇವೆ, ನಲವತ್ತು ಬರ್ಕೋ" ಎಂದರಂತೆ. ಮೇಷ್ಟರು ಸೊನ್ನೆ ಬರೆದುಕೊಟ್ಟರು.

"ಇದಕ್ಕೆಲ್ಲ ಏನಾದರೂ ಮಾಡಬೇಕು" ಎಂದು ನಾನು ಎದುರುಮನೆಯ ಟೈಲರಮ್ಮನ ಹತ್ತಿರ ಹೋಗಿ ಕೂತೆ. ಆಕೆ ನನಗಿಂತ ಕೆಂಡವಾಗಿದ್ದಳು. ಅವಳ ತಾಯಿ ಆ ತುದಿಯ ಊರಿನಲ್ಲಿ ಒಬ್ಬರೇ. ತಿಂಗಳಿಗೊಮ್ಮೆ ರಾತ್ರಿ ಬಸ್ಸಿಗೆ ಹೋಗಿ, ಬೆಳಿಗ್ಗೆ ತಾಯಿಯನ್ನು ಆಸ್ಪತ್ರೆಗೆ ತೋರಿಸಿ, ಅದೇ ರಾತ್ರಿ ಹೊರಟು ಮರುದಿನ ಅಂಗಡಿ ತೆಗೆಯುತ್ತಿದ್ದಳು. ಈಗ ಹೋಗುವುದಕ್ಕೆ ಒಂದು ಹಗಲು, ಬರುವುದಕ್ಕೆ ಒಂದು ಹಗಲು, ನಡುವೆ ಆಸ್ಪತ್ರೆಗೆ ಒಂದು. ಮೂರು ದಿನ ಹೊಲಿಗೆ ಬಂದ್.

"ರಾತ್ರಿ ಅಪಘಾತ ಆಗುತ್ತೆ ಅಂತ ಬಸ್ಸನ್ನೇ ನಿಲ್ಲಿಸಿದರೆ, ನಾಳೆ ಸೂಜಿ ಚುಚ್ಚುತ್ತೆ ಅಂತ ಬಟ್ಟೆ ಹೊಲೀಬೇಡಿ ಅಂತಾರೆ" ಎಂದಳು. "ಅಕ್ಕಾ, ನೀವು ಡಿಪೋ ಮ್ಯಾನೇಜರಿಗೆ ಅರ್ಜಿ ಕೊಡಿ. ಡ್ರೈವರ ಹೆಂಡತಿ ಅಂದರೆ ಕೇಳ್ತಾರೆ. ಜೋರಾಗಿ ಬರೀರಿ, ಮೆತ್ತಗೆ ಬರೆದ ಅರ್ಜಿ ಯಾರೂ ಓದಲ್ಲ."

ಜೋರಾಗಿಯೇ ಬರೆದೆ. "ನನ್ನ ಪತಿಯವರು ಕಳೆದ ಇಪ್ಪತ್ತೊಂದು ರಾತ್ರಿಗಳಿಂದ ಒಂದು ಕ್ಷಣವೂ ಕಣ್ಣುಮುಚ್ಚಿರುವುದಿಲ್ಲ. ರಾತ್ರಿಯಿಡೀ ಭೂತದಂತೆ ಸಂಚರಿಸುತ್ತಾರೆ. ಊಟಕ್ಕೆ ಕೂತಲ್ಲಿ ತೂಕಡಿಸಿ, ಸಾರಿನ ಸೌಟನ್ನು ಬಸ್ಸಿನ ಗೇರು ಎಂದು ಹಿಂದಕ್ಕೆಳೆಯುತ್ತಾರೆ. ದಯಮಾಡಿ ಅವರಿಗೆ ಡಿಪೋದಲ್ಲಿ ಯಾವುದಾದರೂ ರಾತ್ರಿ ಕೆಲಸವನ್ನೇ ಕೊಡಬೇಕು." ಮಧ್ಯಾಹ್ನದ ಆರು ಗಂಟೆ ನಿದ್ದೆಯ ಸಂಗತಿ ಬರೆಯಲಿಲ್ಲ. ಅರ್ಜಿ ಅಂದಮೇಲೆ ಎಲ್ಲವನ್ನೂ ಬರೆಯುವುದಕ್ಕಾಗುತ್ತದೆಯೇ. (ಸೌಟಿನ ಸಂಗತಿ ಒಂದೇ ಸಲ ನಡೆದದ್ದು. ಅದೂ ಸಾರು ಬಡಿಸಿಕೊಳ್ಳುವುದಕ್ಕೆ ಎಳೆದಿರಬಹುದು.)

ನಮ್ಮವರಿಗೆ ಹೇಳದೆ ಡಿಪೋಗೆ ಹೋದೆ. ಮ್ಯಾನೇಜರ ಕೋಣೆಯಲ್ಲಿ ಗೋಡೆ ತುಂಬ ಮೊಳೆ, ಮೊಳೆಗೊಂದು ಬೀಗದ ಕೈ. ಮೊದಲೆಲ್ಲ ರಾತ್ರಿ ಬಸ್ಸಿನ ಮೊಳೆಗಳು ಸಂಜೆಯ ಮೇಲೆ ಬರಿದಾಗಿರುತ್ತಿದ್ದವಂತೆ; ಈಗ ಎಲ್ಲ ಬೀಗದ ಕೈಗಳೂ ಅಲ್ಲೇ ತೂಗುತ್ತಿದ್ದವು. ಮ್ಯಾನೇಜರು ಒಳ್ಳೆಯ ಮನುಷ್ಯರು, ನನ್ನ ಅರ್ಜಿಯನ್ನು ಒಂದಲ್ಲ, ಎರಡು ಸಲ ಓದಿದರು. ಎರಡನೇ ಸಲ ಕನ್ನಡಕ ಒರೆಸಿಕೊಂಡು ಓದಿದರು. ನನ್ನ ಬರವಣಿಗೆಗೆ ಇಷ್ಟು ಮರ್ಯಾದೆ ಯಾರೂ ಕೊಟ್ಟಿರಲಿಲ್ಲ.

"ಇದರಲ್ಲಿ ಬರೆದದ್ದೆಲ್ಲ ನಿಜವೇನಮ್ಮಾ?"

"ಒಂದಕ್ಷರ ಸುಳ್ಳಿಲ್ಲ ಸಾರ್."

"ಇಪ್ಪತ್ತೊಂದು ರಾತ್ರಿ?"

"ನಾನೇ ಎಣಿಸಿದೀನಿ ಸಾರ್. ಎಚ್ಚರ ಇದ್ದೆನಲ್ಲ."

"ಇಲ್ಲೊಂದು ಸಹಿ ಹಾಕಿ."

ಹಾಕಿದೆ. ಎರಡು ಗೆರೆ ಕೂಡ ಎಳೆದೆ ಕೆಳಗೆ, ಅಂದವಾಗಿರಲಿ ಎಂದು.

ಮೂರು ದಿನ ಕಳೆದು ನಮ್ಮವರು ಬೆಳಿಗ್ಗೆ ಹನ್ನೊಂದಕ್ಕೇ ಮನೆಗೆ ಬಂದರು. ಬುತ್ತಿ ಹಾಗೇ ಇತ್ತು. ಖಾಕಿ ಅಂಗಿ ಬಿಚ್ಚಿ ಮಡಿಸಿ ಕುರ್ಚಿಯ ಮೇಲಿಟ್ಟು, "ನಿನ್ನ ಅರ್ಜಿ ಮಂಜೂರಾಯ್ತು" ಎಂದರು.

"ರಾತ್ರಿ ಡ್ಯೂಟಿ ಸಿಕ್ತಾ?" ಎಂದು ಕೈಯೊರೆಸಿಕೊಳ್ಳುತ್ತ ಓಡಿಬಂದೆ.

"ಓದು" ಎಂದು ಡಿಪೋದ ಕಾಗದ ಕೊಟ್ಟರು.

ಓದಿದೆ. "ಸದರಿ ಚಾಲಕರು ಇಪ್ಪತ್ತೊಂದು ರಾತ್ರಿಗಳಿಂದ ನಿದ್ರಿಸಿಲ್ಲವೆಂದು ಅವರ ಧರ್ಮಪತ್ನಿಯವರೇ ಲಿಖಿತವಾಗಿ ದೃಢೀಕರಿಸಿರುವುದರಿಂದ, ಇವರು ಬಸ್ಸು ಓಡಿಸುವುದು ಸಾರ್ವಜನಿಕರಿಗೆ ಅಪಾಯಕರ. ಆದಕಾರಣ ಮೂವತ್ತು ದಿನ ಕಡ್ಡಾಯ ವಿಶ್ರಾಂತಿ. ಹಗಲು ನಿದ್ರೆ ಸಂಪೂರ್ಣ ನಿಷಿದ್ಧ. ರಾತ್ರಿ ಹತ್ತರಿಂದ ಐದರವರೆಗೆ ಗಂಟೆಗೊಮ್ಮೆ ಇವರ ನಿದ್ರೆಯನ್ನು ಪರೀಕ್ಷಿಸಿ, ಲಗತ್ತಿಸಿದ ನಮೂನೆಯಲ್ಲಿ ದಾಖಲಿಸುವ ಹೊಣೆ ಅರ್ಜಿದಾರರದು." ಅರ್ಜಿದಾರರೆಂದರೆ ನಾನು.

"ಮಧ್ಯಾಹ್ನ ಮಲಗ್ತೀನಿ ಅಂತ ನೀವಾದರೂ ಹೇಳಬಾರದಿತ್ತಾ?"

"ಹೇಳಿದೆ. ನಿಮ್ಮ ಮಾತು ನಂಬೋದೋ, ನಿಮ್ಮ ಹೆಂಡತಿ ಎರಡು ಗೆರೆ ಎಳೆದು ಹಾಕಿರೋ ಸಹಿ ನಂಬೋದೋ ಅಂದರು ಮ್ಯಾನೇಜರು." ನಮ್ಮವರು ಸಿಟ್ಟು ಮಾಡಿದ್ದರೆ ಚೆನ್ನಾಗಿತ್ತು. ಆ ಖಾಕಿ ಅಂಗಿಯ ಕಾಲರು ನೇರ ಮಾಡುತ್ತ ಕೂತರು. "ಹತ್ತೊಂಬತ್ತು ವರ್ಷದಲ್ಲಿ ಒಂದು ಸಲಾನೂ ನನ್ನನ್ನ ಸೀಟಿನಿಂದ ಇಳಿಸಿರಲಿಲ್ಲ ಕಣೇ" ಎಂದರು. ಆಗಲೇ ತೀರ್ಮಾನಿಸಿದೆ, ಈ ಮನುಷ್ಯನನ್ನು ರಾತ್ರಿ ಮಲಗಿಸಿಯೇ ಸಿದ್ಧ, ಮತ್ತೆ ಸೀಟಿಗೆ ಹತ್ತಿಸಿಯೇ ಸಿದ್ಧ.

ಹಗಲು ಅವರನ್ನು ಎಚ್ಚರವಾಗಿಡುವುದು ಮೊದಲ ಯುದ್ಧ. ಕಪ್ಪು ಬಟ್ಟೆ ಕಿತ್ತು ನೆಲ ಒರೆಸಲು ಹಾಕಿದೆ. ಮೂರು ಗಂಟೆಯಾದರೆ ಸಾಕು, ಅವರ ಕತ್ತು ವಾಲುತ್ತಿತ್ತು. ನೀರು ತರಿಸಿದೆ, ಅಟ್ಟ ಚೊಕ್ಕಟ ಮಾಡಿಸಿದೆ, ಮಂಚದ ಅಲ್ಲಾಡುವ ಕಾಲಿಗೆ ಮೊಳೆ ಹೊಡೆಸಿದೆ, ಟೈಲರಮ್ಮನ ಅಂಗಡಿಗೆ ಕಳಿಸಿ ಗುಂಡಿ ಹಚ್ಚಿಸಿದೆ. ನಮ್ಮತ್ತೆ ನೋಡಿ ನೋಡಿ, "ವಿಶ್ರಾಂತಿ ಅಂತ ಕಳಿಸಿದರೋ, ಜೀತಕ್ಕೆ ಅಂತ ಕಳಿಸಿದರೋ" ಎಂದು ಗೊಣಗಿದರು.

ಐದನೇ ರಾತ್ರಿ ಹತ್ತು ಗಂಟೆಗೆ ಅವರು ಮರದ ಕೊರಡಿನಂತೆ ಉರುಳಿಕೊಂಡರು. ಏರಿನಲ್ಲಿ ಲಾರಿ ಹತ್ತುವ ಸದ್ದಿನ ಗೊರಕೆ. ನಾನು ಸ್ಟೂಲಿನ ಮೇಲೆ ಕೂತು ನಮೂನೆ ತುಂಬಿದೆ. ಹನ್ನೊಂದಕ್ಕೆ "ನಿದ್ರಿಸುತ್ತಿದ್ದಾರೆ". ಹನ್ನೆರಡಕ್ಕೆ "ನಿದ್ರಿಸುತ್ತಿದ್ದಾರೆ". ಒಂದಕ್ಕೆ "ಗಾಢವಾಗಿ". ನಾನು ತೂಕಡಿಸದಿರಲು ಕಣ್ಣಿಗೆ ನೀರು ಹಚ್ಚಿಕೊಂಡೆ, ಕಾಲು ಜೋಮು ಹಿಡಿದರೆ ಮನೆ ಸುತ್ತಿದೆ. ಬೆಳಿಗ್ಗೆ ಅವರು ಮೈಮುರಿದು ಎದ್ದು, ಕಾಗದವನ್ನು ಬೆಳಕಿಗೆ ಹಿಡಿದು ನೋಡಿದರು.

"ನಾಲ್ಕು ಗಂಟೆಯದು ಗೆರೆ ದಾಟಿ ಮೇಜಿನ ಮೇಲೆ ಹೋಗಿದೆಯಲ್ಲೇ. ತೂಕಡಿಸಿದೆಯಾ? ಸರ್ಕಾರಿ ದಾಖಲೆ ಕಣೇ, ಹುಷಾರಾಗಿರಬೇಕು."

ಮೂವತ್ತು ರಾತ್ರಿ ಮುಗಿದವು. ಡಿಪೋದ ಡಾಕ್ಟರು ಹಾಳೆಗಳನ್ನು ತಿರುವಿ, "ಆದರ್ಶ ನಿದ್ರೆ" ಎಂದು ಬರೆದುಕೊಟ್ಟರು. ನಮ್ಮವರು ಹಗಲು ಬಸ್ಸಿನ ಸೀಟಿಗೆ ಹತ್ತಿದರು. ಅವತ್ತು ನಾನೂ ಮಗಳೂ ಬೀದಿ ತಿರುವಿನಲ್ಲಿ ನಿಂತು ನೋಡಿದೆವು. ಅವರು ಹಾರನ್ನು ಎರಡು ಸಲ ಹೆಚ್ಚಾಗಿ ಹೊಡೆದರು. ಸರ್ಕಾರದ ಆದೇಶ ಇನ್ನೂ ಜಾರಿಯಲ್ಲೇ ಇದೆ. ಟೈಲರಮ್ಮ ಈಗಲೂ ತಿಂಗಳಿಗೆ ಮೂರು ದಿನ ಅಂಗಡಿ ಮುಚ್ಚುತ್ತಾಳೆ. ಡಿಪೋದಲ್ಲಿ ಮಾತ್ರ ಮ್ಯಾನೇಜರು, ಮಲಗುವುದೆಂದರೆ ಇವರ ಹಾಗೆ ಮಲಗಬೇಕು ಎಂದು ಮಿಕ್ಕ ಡ್ರೈವರುಗಳಿಗೆ ನಮ್ಮವರನ್ನೇ ತೋರಿಸುತ್ತಾರಂತೆ.

ಎಲ್ಲ ಸರಿಹೋಯಿತು, ಒಂದನ್ನು ಬಿಟ್ಟು. ಈಗ ಹತ್ತು ಗಂಟೆಯಾದರೆ ಮನೆಯೆಲ್ಲ ಮಲಗುತ್ತದೆ. ನನ್ನ ಕಣ್ಣು ತಟ್ಟನೆ ತೆರೆದುಕೊಳ್ಳುತ್ತದೆ. ಮಧ್ಯಾಹ್ನ ಮೂರಕ್ಕೆ ಹಿಟ್ಟು ಕಲಸುತ್ತ ಕಲಸುತ್ತ ಗೋಡೆಗೆ ಒರಗಿಬಿಡುತ್ತೇನೆ. ನಿನ್ನೆ ರಾತ್ರಿ ಒಂದು ಗಂಟೆಗೆ ಮಾತಿಗೊಬ್ಬರು ಬೇಕೆನಿಸಿ, ಅವರ ಭುಜ ಹಿಡಿದು ಅಲ್ಲಾಡಿಸಿದೆ.

"ರೀ, ನಿಮಗೆ ನಿದ್ದೆ ಬಂತಾ?"

ಅವರು ಕಣ್ಣು ಕೂಡ ತೆರೆಯಲಿಲ್ಲ.

"ಬಂದಿದೆ ಅಂತ ಬರ್ಕೋ" ಎಂದು ಮಗ್ಗುಲು ಬದಲಿಸಿದರು.