ಗಂಡನ ಡ್ರೈವಿನಲ್ಲಿ ನನ್ನ ಕಳೆಗಿಡಗಳು

ನನ್ನ ಗಂಡ ವಾಮದೇವಪ್ಪನವರ ಒಂದು ಹಾಡು ಐವತ್ತು ಎಂಬಿ ತೂಗುತ್ತದೆ.

ಎಂಬಿ ಎಂದರೇನೆಂದು ತಿಳಿಯದವರಿಗಾಗಿ ಹೇಳುತ್ತೇನೆ. ಕಂಪ್ಯೂಟರಿನ ಹೊಟ್ಟೆಯೊಳಗಿನ ಜಾಗವನ್ನು ಎಂಬಿಯಲ್ಲಿ ಅಳೆಯುತ್ತಾರೆ. ನಿವೃತ್ತಿಯಾದ ಮೇಲೆ ಮೂರು ವರ್ಷ ಕೂತು ನಾನು ಬರೆದ 'ನಮ್ಮ ಸೀಮೆಯ ಕಳೆಗಿಡಗಳು' ಎಂಬ ಪುಸ್ತಕ, ಚಿತ್ರಗಳೆಲ್ಲ ಸೇರಿ, ಮೂವತ್ತು ಎಂಬಿ. ಅಂದರೆ ನನ್ನ ಇಡೀ ಜೀವಮಾನದ ಸಸ್ಯಶಾಸ್ತ್ರ ಅವರ ಹಾಡಿನ ಎರಡನೆಯ ಚರಣ ಬರುವಷ್ಟರಲ್ಲಿ ಮುಗಿದುಹೋಗುತ್ತದೆ.

ಕಂಪ್ಯೂಟರನ್ನು ಕೊಂಡದ್ದು ನನ್ನ ಪುಸ್ತಕಕ್ಕೆಂದು. ಅಕ್ಕಿ ಮಂಡಿಯನ್ನು ತಮ್ಮನಿಗೆ ಬಿಟ್ಟುಕೊಟ್ಟು ಮನೆಯಲ್ಲಿದ್ದ ಯಜಮಾನರು ಅದಕ್ಕೆ ಮೊದಲ ದಿನ ವಿಭೂತಿ ಹಚ್ಚಿದರು, ಎರಡನೆಯ ದಿನ ಒಂದು ಮೈಕು ಸಿಕ್ಕಿಸಿದರು. ಆಮೇಲೆ ಹಾಡಿದರು, ಹಾಡಿದರು, ಹಾಡುತ್ತಲೇ ಹೋದರು. ಒಂದು ಬೆಳಿಗ್ಗೆ ನಾನು ಉತ್ತರಾಣಿ ಗಿಡದ ಬಗ್ಗೆ ಎರಡು ಸಾಲು ಸೇರಿಸಲು ಹೋದರೆ, ಜಾಗವಿಲ್ಲ ಎಂದು ಯಂತ್ರ ಕೈಚೆಲ್ಲಿತು.

"ನಿಮ್ಮ ಹಾಡು ನನ್ನ ಪುಸ್ತಕಾನ ಹೊರಗೆ ಹಾಕ್ತೈತೆ ನೋಡ್ರಿ!" ಎಂದೆ.

"ನಾನೇನ್ ಮಾಡ್ಲಿ, ದನಿ ದೊಡ್ಡದೈತೆ."

"ಸಣ್ಣಗೆ ಹಾಡ್ರಿ."

"ಸಣ್ಣಗೆ ಹಾಡಿದ್ರೂ ಅಷ್ಟೇ ಜಾಗ ಹಿಡಿತೈತಂತೆ. ಕೊಟ್ಟೂರೇಶಿ ಹೇಳ್ಯಾನ."

ಕೊಟ್ಟೂರೇಶ್ ನನ್ನ ನಾದಿನಿ ಅಕ್ಕನಾಗಮ್ಮನ ಮಗ. ಹರಿಹರದಲ್ಲಿ ಅವನದೇ ಕಂಪ್ಯೂಟರ್ ಅಂಗಡಿಯಿದೆ. ಅವನನ್ನು ಕರೆಸಿದೆ. ಜಾಗ ಹೆಚ್ಚಿಸಲು ಇನ್ನೊಂದು ಡ್ರೈವ್ ತಂದು ಕಂಪ್ಯೂಟರಿನ ಒಳಗೆ ಕೂರಿಸಿದ. ಕೂಡಲೇ ನಾನು ಜಮಖಾನ ಹಾಸಿ ಪಾಲಿನ ಪಂಚಾಯ್ತಿ ಮಾಡಿದೆ. (ಅಣ್ಣತಮ್ಮಂದಿರು ಮನೆಯ ನಡುವೆ ಗೋಡೆ ಎಬ್ಬಿಸುವುದನ್ನು ನೋಡಿದ್ದೆ. ಗಂಡಹೆಂಡಿರು ಎಬ್ಬಿಸಿದ್ದು ನಮ್ಮ ಬಡಾವಣೆಯಲ್ಲಿ ಅದೇ ಮೊದಲು.) ಹಳೆಯ ಸಿ ಡ್ರೈವ್ ನನಗೆ, ಹೊಸ ಡಿ ಡ್ರೈವ್ ಅವರಿಗೆ. ಒಬ್ಬರ ಸರಹದ್ದಿಗೆ ಇನ್ನೊಬ್ಬರು ಕಾಲಿಡತಕ್ಕದ್ದಲ್ಲ.

"ಸಿ ಅನ್ನೋದು ಮಾಸ್ಟರ್, ಮಾಮ," ಎಂದು ಕೊಟ್ಟೂರೇಶ್ ವಿವರಿಸಿದ. "ಡಿ ಅನ್ನೋದು ಸ್ಲೇವ್. ಮಾಸ್ಟರ್ ಹೇಳ್ದಂಗೆ ಸ್ಲೇವ್ ಕೇಳ್ತೈತೆ."

"ಇದನ್ನ ನೀನು ಬೇರೆ ಹೇಳ್ಬೇಕೇನಲೇ? ಮದುವಿ ಆದಾಗಿಂದ ನಮ್ಮನ್ಯಾಗೆ ಇದೇ ವೈರಿಂಗು," ಎಂದರು ಯಜಮಾನರು.

ಆರು ತಿಂಗಳು ಶಾಂತಿಯಿತ್ತು. ಆಮೇಲೆ ನನ್ನ ಸಿ ಡ್ರೈವ್ ತುಂಬಿತು. ಒಂದು ವಿಶ್ವಕೋಶದ ಸಿ.ಡಿ.ಯನ್ನು ಪೂರ್ತಿಯಾಗಿ ಅದರೊಳಗೆ ಇಳಿಸಿಕೊಂಡಿದ್ದೆ. ವಿದ್ಯಾವಂತರ ಮನೆಯಲ್ಲಿ ವಿಶ್ವಕೋಶ ಇರಬೇಕು. ಅದನ್ನು ಅಳಿಸುವುದು ನನ್ನ ಘನತೆಗೆ ಹೊಂದುವ ಮಾತಲ್ಲ. ಪುಸ್ತಕವನ್ನು ಫ್ಲಾಪಿಗೆ ಹಾಕೋಣವೆಂದರೆ ಚಿತ್ರಗಳಿಂದಾಗಿ ಅದು ಹಿಡಿಸದು. ಆದ್ದರಿಂದ ಯಜಮಾನರು ಸಲೂನಿಗೆ ಹೋಗಿದ್ದಾಗ ನನ್ನ ಪುಸ್ತಕವನ್ನು ಮೆಲ್ಲಗೆ ಅವರ ಡಿ ಡ್ರೈವಿಗೆ ಸಾಗಿಸಿದೆ. ಇದನ್ನು ಒತ್ತುವರಿ ಎನ್ನುವವರು ಎನ್ನಲಿ. ಅವರು ಕುತೂಹಲದಿಂದ ಕೈಹಾಕಿ ಕೆಡಿಸಬಾರದಲ್ಲ, ಅದಕ್ಕೆ ಫೋಲ್ಡರಿಗೆ 'ಕಸ' ಎಂದು ಹೆಸರಿಟ್ಟೆ. ನನ್ನ ಗಂಡ ಕಸದ ಹತ್ತಿರ ಸುಳಿದದ್ದನ್ನು ಮದುವೆಯಾದ ಮೇಲೆ ನಾನು ಒಮ್ಮೆಯೂ ಕಂಡಿಲ್ಲ.

ಯುಗಾದಿ ಹತ್ತಿರ ಬಂದಿತ್ತು. ಹಬ್ಬದ ಬೆಳಿಗ್ಗೆ ಪುಸ್ತಕ ತಂದುಕೊಡುವುದಾಗಿ ಮುದ್ರಣಾಲಯದ ಉಚ್ಚೆಂಗಪ್ಪನವರಿಗೆ ಮಾತು ಕೊಟ್ಟಿದ್ದೆ. ಒಂದು ದಿನ ತಡವಾದ ರೆಕಾರ್ಡ್ ಪುಸ್ತಕಕ್ಕೂ ಸಹಿ ಹಾಕದೆ, ಅಳುತ್ತಿದ್ದ ಹುಡುಗಿಯರನ್ನು ಹಾಗೇ ಹಿಂದಕ್ಕೆ ಕಳಿಸಿದ ಪ್ರೊಫೆಸರ್ ನಾನು. ನಾನು ತಡ ಮಾಡುವಂತಿಲ್ಲ. ಆ ಹುಡುಗಿಯರಲ್ಲಿ ಅರ್ಧ ಜನ ಇದೇ ಊರಿನಲ್ಲಿದ್ದಾರೆ, ಮತ್ತು ಅವರ ನೆನಪಿನ ಶಕ್ತಿ ಚೆನ್ನಾಗಿದೆ.

ಅಂಥ ಹೊತ್ತಿನಲ್ಲಿ ಯಜಮಾನರು ಬಂದರು. "ನನ್ ಡ್ರೈವೂ ತುಂಬೇತಿ. ನಿನ್ ಕಡೆ ಒಂದೇ ಒಂದು ಹಾಡಿಗೆ ಜಾಗ ಕೊಡು."

"ಒಂದಿಂಚೂ ಇಲ್ಲ. ಮೊದ್ಲು ನಿಮ್ ಡ್ರೈವ್ ಚೊಕ್ಕ ಮಾಡ್ಕೊಳ್ರಿ. ಅಡ್ಡಾದಿಡ್ಡಿ ತುಂಬ್ಕೊಂಡು ಬಂದು ಜಾಗ ಕೇಳ್ತಾರಂತೆ!"

ಹೀಗೆಂದು ಆಜ್ಞಾಪಿಸಿ, ಕೆರೆಯಂಚಿನ ಜೊಂಡನ್ನು ಕೊನೆಯ ಸಲ ಪರಿಶೀಲಿಸಲು ನಾನು ಕೊಂಡಜ್ಜಿ ಗ್ರಾಮಕ್ಕೆ ಹೋದೆ. ಸಂಜೆ ಬಂದಾಗ ಯಜಮಾನರು ಬಾಗಿಲಲ್ಲೇ ನಿಂತಿದ್ದರು. ಮುಖದಲ್ಲಿ ಅಪೂರ್ವವಾದ ಕಳೆ.

"ಚೊಕ್ಕ ಮಾಡಿಸ್ಕೊಂಡ್ ಬಂದೆ!"

"ಏನನ್ನ?"

"ಡ್ರೈವ್ನ. ಬಿಚ್ಚಿ ಟವೆಲ್‌ನಾಗೆ ಸುತ್ತಿ, ರೊಟ್ಟಿ ಬುತ್ತಿ ಜೊತಿಗಿಟ್ಕೊಂಡು ಹರಿಹರದ ಬಸ್ ಹತ್ತಿದೆ. ಕೊಟ್ಟೂರೇಶಿ ನನ್ ಹಾಡೆಲ್ಲ ಅವನ ದೊಡ್ಡ ಮಿಷನ್ನಿಗೆ ತುಂಬ್ಕೊಂಡ. ಆಮೇಲೆ ಇದನ್ನ ಫಾರ್ಮ್ಯಾಟ್ ಮಾಡಿಸ್ದೆ. ತೊಳದಿಟ್ಟ ತಟ್ಟೆ ಆಗೇತಿ ನೋಡು!"

ನಲವತ್ತು ವರ್ಷದಲ್ಲಿ ನಾನು ಕೊಟ್ಟ ಆಜ್ಞೆಗಳು ಎಷ್ಟೋ. ಮುರಿದ ನಲ್ಲಿ ಸರಿಮಾಡಿಸಿ, ಮುಸುರೆ ತಟ್ಟೆ ಎತ್ತಿಡಿ, ಚಪ್ಪಲಿ ಹೊರಗೆ ಬಿಡಿ. ಒಂದನ್ನೂ ಪಾಲಿಸದ ಮಹಾನುಭಾವರು ಇದೊಂದನ್ನು, ಬಸ್ಸು ಹತ್ತಿ ಹೋಗಿ, ಅಕ್ಷರಶಃ ಪಾಲಿಸಿದ್ದರು.

ಹರಿಹರಕ್ಕೆ ಫೋನ್ ಮಾಡಿದೆ. "ಹೂಂ ಅತ್ತಿ, ಕಸ ಅಂತ ಒಂದಿತ್ತು," ಎಂದ ಕೊಟ್ಟೂರೇಶ್. "ಇದನ್ನೇನ್ ಮಾಡ್ಲಿ ಮಾಮ ಅಂತ ಕೇಳ್ದೆ. ನಿಮ್ಮತ್ತಿ ಕಸ ಕಂಡ್ರೆ ಉಗಿತಾಳ, ಮೊದ್ಲು ಅದನ್ನ ತೆಗಿ ಅಂದ್ರು."

ಕೈಬರಹದ ಹಾಳೆಗಳನ್ನು ಆಗಲೇ ರದ್ದಿಗೆ ಹಾಕಿಬಿಟ್ಟಿದ್ದೆ. (ನೆಗ್ಗಿಲಿನ ಅಧ್ಯಾಯ ಒಂದು ಸಂಜೆ ಮೆಣಸಿನಕಾಯಿ ಬಜ್ಜಿ ಸುತ್ತಿಕೊಂಡು ನಮ್ಮ ಮನೆಗೇ ವಾಪಸ್ಸು ಬಂದಿತ್ತು.) ಚಿತ್ರಗಳ ಮೂಲಪ್ರತಿ ಬೀರುವಿನಲ್ಲಿತ್ತು, ಬರಹ ಮಾತ್ರ ಎಲ್ಲಿಯೂ ಇರಲಿಲ್ಲ. ಹಬ್ಬಕ್ಕೆ ನಾಲ್ಕು ದಿನ ಉಳಿದಿತ್ತು. ನಾನು ಅಳುವವಳಲ್ಲ. 'ಕಸ' ಅಂದರೆ ನನ್ನ ಪುಸ್ತಕ ಎಂದಷ್ಟೇ ಹೇಳಿ ಮಂಚದ ಮೇಲೆ ನೆಟ್ಟಗೆ ಕೂತೆ. ಅದನ್ನು ಕಂಡು ಯಜಮಾನರು ಗಾಬರಿಯಾದರು. ನಾನು ಬೈಯದೆ ಕೂತದ್ದನ್ನು ಅವರು ಎಂದೂ ಕಂಡಿರಲಿಲ್ಲ.

"ಏ ಡಾಕ್ಟ್ರಮ್ಮ," ಎಂದರು ಮೆತ್ತಗೆ. (ನನ್ನ ಪಿಎಚ್.ಡಿ.ಗೆ ಅವರಿಟ್ಟ ಹೆಸರು.) "ಸಿಟ್ಟಾಗ್ಬ್ಯಾಡ. ನಿನ್ ಪುಸ್ತಕ ನನ್ ಹಾಡಿನ ಜೊತಿಗೆ ಹರಿಹರದಾಗೈತೆ."

"ಹೆಂಗೆ?"

"ನೀನು ಸಂಜಿಮುಂದೆ ವಾಕಿಂಗಿಗೆ ಹೋದಾಗ ಅದು ಪರದೆ ಮ್ಯಾಲೆ ತೆರಕೊಂಡೇ ಇರ್ತಿತ್ತಲ್ಲ. ಹಾಡಾಕ ಮುಂಚೆ ಗಂಟ್ಲು ಸರಿ ಮಾಡ್ಕಣಾಕ ಅದನ್ನ ಮೈಕಿನಾಗೆ ಓದ್ತಿದ್ದೆ. ಮೈಕ್ ಟೆಸ್ಟು ಅಂತ ಎಲ್ಲಾ ತುಂಬಿಟ್ಟೀನಿ."

"ಪೂರ್ತಿ ಓದೀರಾ?"

"ಪೂರ್ತಿ. ಹುಲ್ಲಿನ ಭಾಗದಾಗೆ ನಿದ್ದಿ ಬರ್ತೈತೆ. ಆದ್ರೂ ಬಿಟ್ಟಿಲ್ಲ."

ಮರುದಿನ ಬೆಳಿಗ್ಗೆಯೇ ಹರಿಹರಕ್ಕೆ ಹೋಗಿ ಅಕ್ಕನಾಗಮ್ಮನ ಮನೆಯಲ್ಲಿ ಹಾಜರಾದೆ. ಎರಡು ಕಿವಿಗೂ ಹೆಡ್‌ಫೋನ್ ಎಂಬ ಯಂತ್ರ ಸಿಕ್ಕಿಸಿಕೊಂಡು, ಮೂರು ಹಗಲು ಗಂಡನ ದನಿ ಕೇಳುತ್ತ ಟೈಪ್ ಮಾಡಿದೆ. ಮದುವೆಯಾದಾಗಿನಿಂದ ಒಟ್ಟು ಕೇಳಿದ್ದಕ್ಕಿಂತ ಹೆಚ್ಚು ಅವರ ಮಾತನ್ನು ಆ ಮೂರು ದಿನಗಳಲ್ಲಿ ಕೇಳಿದೆ. ಅವರು ಬರಿದೆ ಓದಿರಲಿಲ್ಲ. ಲ್ಯಾಟಿನ್ ಹೆಸರು ಬಂದಲ್ಲೆಲ್ಲ ಆಲಾಪನೆ ಎತ್ತಿಕೊಂಡಿದ್ದರು. ಗರಿಕೆಯನ್ನು ಭೈರವಿಯಲ್ಲಿ ಮುಗಿಸಿದ್ದರು. ಅಕ್ಕನಾಗಮ್ಮ ಮಜ್ಜಿಗೆ ತಂದವಳು ಒಂದು ಕಿವಿಯ ಯಂತ್ರ ಕಸಿದು ಕೇಳಿ ಕಣ್ಣರಳಿಸಿದಳು. "ಅತ್ತಿಗೆಮ್ಮ, ನಮ್ಮಣ್ಣನ ಬಾಯಾಗೆ ಹುಲ್ಲೂ ಹಾಡಾಗೈತ್ರೀ! ನೀವ್ಯಾಕ ಮಖ ಗಂಟಿಕ್ಕೀರಿ?"

"ನಡುವೆ ಮಾತಾಡಬ್ಯಾಡ, ಕಾಗುಣಿತ ತಪ್ತೈತೆ," ಎಂದೆ.

ಯುಗಾದಿಯ ಬೆಳಿಗ್ಗೆ, ಬೇವುಬೆಲ್ಲ ಬಾಯಲ್ಲಿರುವಾಗಲೇ, ಪುಸ್ತಕವನ್ನು ಉಚ್ಚೆಂಗಪ್ಪನವರ ಮೇಜಿನ ಮೇಲಿಟ್ಟೆ.

"ಪ್ರೂಫ್ ನೋಡ್ತೀರಾ ಮೇಡಂ?"

"ನನ್ನ ಬರಹಕ್ಕೆ ಪ್ರೂಫೇ?" ಎಂದು ಕನ್ನಡಕದ ಮೇಲಿನಿಂದ ನೋಡಿದೆ. ಅವರು ಹಾಗೇ ಅಚ್ಚಿಗೆ ಕಳಿಸಿದರು.

ಬಿಡುಗಡೆಯ ದಿನ ಸಭಾಂಗಣ ತುಂಬಿತ್ತು. ಮುಖ್ಯ ಅತಿಥಿ ನನ್ನ ಹಳೆಯ ವಿದ್ಯಾರ್ಥಿನಿ ರೂಪಶ್ರೀ, ಈಗ ಅವಳೂ ಉಪನ್ಯಾಸಕಿ. (ಸಹಿ ಸಿಗದೆ ಅತ್ತವರಲ್ಲಿ ಅವಳೂ ಒಬ್ಬಳು.) "ಮೇಡಂ ಗದ್ಯದ ಬಿಗಿ ನೋಡಿ," ಎಂದು 'ಮುಟ್ಟಿದರೆ ಮುನಿ' ಗಿಡದ ಪುಟ ತೆರೆದು ಓದತೊಡಗಿದಳು.

"'ಮುಟ್ಟಿದೊಡನೆ ಈ ಸಸ್ಯದ ಎಲೆಗಳು ಮುದುಡಿಕೊಳ್ಳುತ್ತವೆ. ಕಾಂಡದ ತುಂಬ ಮುಳ್ಳುಗಳಿರುತ್ತವೆ. ಸ್ವಲ್ಪ ಹೊತ್ತು ತಂಟೆಗೆ ಹೋಗದಿದ್ದರೆ ತಾನಾಗಿ ಮೊದಲಿನಂತಾಗುತ್ತದೆ. ಈ ಜಾತೀದು ನಮ್ಮನ್ಯಾಗೂ ಒಂದೈತೆ, ನಲವತ್ತು ವರ್ಷದಿಂದ ನೋಡ್ಕೋತ ಬಂದೀನಿ, ಭಾರೀ ಗಟ್ಟಿ ಗಿಡ.'"

ನಗುವಿಗೆ ಸಭಾಂಗಣದ ಸೂರು ಹಾರಿತು. ರೂಪಶ್ರೀ ಕಣ್ಣೊರೆಸಿಕೊಂಡು ನಕ್ಕಳು. ಮೊದಲ ಸಾಲಿನಲ್ಲಿ ಜರಿ ಪೇಟ ಸುತ್ತಿಕೊಂಡು ಕೂತಿದ್ದ ಯಜಮಾನರು ಮಾತ್ರ ನಗಲಿಲ್ಲ; ಪೇಟದೊಳಗೆ ಅಡಗಲು ನೋಡುತ್ತಿದ್ದರು. ಆ ಸಾಲನ್ನು ಟೈಪ್ ಮಾಡಿದ್ದು ನನ್ನ ಬೆರಳುಗಳೇ. ಹೇಳಿದ್ದನ್ನು ಹೇಳಿದ ಹಾಗೆ ಬರೆದುಕೊಳ್ಳಿ ಎಂದು ಮೂವತ್ತೈದು ವರ್ಷ ತರಗತಿಯಲ್ಲಿ ಕೂಗಿದವಳು ನಾನು, ಹಾಗೆಯೇ ಬರೆದುಕೊಂಡಿದ್ದೆ. ಪಾರ್ಥೇನಿಯಂ ಅಧ್ಯಾಯದ ನಡುವೆ 'ತಡಿರಿ, ಕೆಮ್ಮು ಬಂತು' ಎಂದಿರುವುದನ್ನು ಮನೆಗೆ ಬಂದ ಮೇಲೆ ಕಂಡೆ.

ಪುಸ್ತಕ ಬೇಸಿಗೆ ಕಳೆಯುವುದರೊಳಗೆ ಖರ್ಚಾಯಿತು. ಎರಡನೆಯ ಮುದ್ರಣದಲ್ಲಿ ಆ ಸಾಲು ತೆಗೆಯಲೇಬೇಕೆಂದು ಉಚ್ಚೆಂಗಪ್ಪನವರಿಗೆ ಹೇಳಿದೆ.

"ಏನ್ ಮಾತಾಡ್ತೀರಿ ಮೇಡಂ! ಅಂಗಡಿಗೆ ಬಂದೋರು ಮೊದ್ಲು ಆ ಪುಟಾನೇ ತೆಗೀತಾರೆ. ಬೇಕಾದ್ರೆ ಉಳಿದಿದ್ದು ತೆಗಿಯೋಣ."

ಈಗ ಕೆರೆಯ ಜೊಂಡಿನ ಮೇಲೆ ಇನ್ನೊಂದು ಪುಸ್ತಕ ಬರೆಯುತ್ತಿದ್ದೇನೆ. ವಿಶ್ವಕೋಶವನ್ನು ಅಳಿಸಿ ಮಾಸ್ಟರ್ ಡ್ರೈವನ್ನು ಯಜಮಾನರ ಹಾಡುಗಳಿಗೆ ಬಿಟ್ಟುಕೊಟ್ಟಿದ್ದೇನೆ. ನಾನು ಸ್ಲೇವ್ ಕಡೆಗೆ ಬಂದಿದ್ದೇನೆ. ಸಂಜೆ ವಾಕಿಂಗಿಗೆ ಹೊರಡುವಾಗ ಅಂದಿನ ಪುಟವನ್ನು ಪರದೆಯ ಮೇಲೆ ತೆರೆದೇ ಇಟ್ಟು ಹೋಗುತ್ತೇನೆ. ಮರೆತಲ್ಲ. ಗೇಟು ದಾಟುವಷ್ಟರಲ್ಲಿ ಒಳಗಿನಿಂದ ಗಂಟಲು ಸರಿಮಾಡಿಕೊಳ್ಳುವ ಸದ್ದು ಕೇಳಿಸುತ್ತದೆ. ಇದಕ್ಕೆ ಬ್ಯಾಕಪ್ ಎನ್ನುತ್ತಾರಂತೆ.