ಕುಂಬಳದ ಕ್ರಾಂತಿ

ಕುದಿಯುವ ಅಂಟಿನ ವಾಸನೆ ಬಂದರೆ ಅಂಟಣ್ಣನಿಗೆ ಈಗಲೂ ಹಸಿವಾಗುತ್ತದೆ. ಚಿಕ್ಕವನಿದ್ದಾಗ, ಪುಸ್ತಕ ಕಟ್ಟುತ್ತಿದ್ದ ಅಪ್ಪ ಒಲೆಯ ಮೇಲಿಟ್ಟ ಹಿಟ್ಟಿನ ಅಂಟನ್ನು ತಿಂಡಿಯೆಂದು ನೆಕ್ಕಿ, ಸಂಜೆಯವರೆಗೆ ತುಟಿ ಬಿಚ್ಚಲಾರದೆ ಕೂತಿದ್ದನಂತೆ. ಹೆಸರು ಬಂದದ್ದು ಅಂದೇ.

ದೊಡ್ಡವನಾಗಿ ಅವನೂ ಪುಸ್ತಕ ಕಟ್ಟುವವನೇ ಆದ. ಆ ದಿನ ಊಟದ ಡಬ್ಬಿಯನ್ನು ಮನೆಯಲ್ಲೇ ಮರೆತು ಬಂದಿದ್ದ. ಪುಟ ಹೊಲಿಯುವ ಅಕ್ಕ "ನನ್ನದ್ರಲ್ಲೇ ಹಂಚ್ಕೊಳ್ಳೋ" ಎಂದರೆ, "ಹಸಿವೇ ಇಲ್ಲಕ್ಕ" ಎಂದ. ಅವನ ಹೊಟ್ಟೆ ಮಾತ್ರ ಎಣ್ಣೆ ಕಾಣದ ಬಾಗಿಲಿನಂತೆ ಕಿರುಗುಟ್ಟುತ್ತಿತ್ತು.

ಮೇಜಿನ ಮೇಲೆ ಎರಡು ಕೆಲಸವಿತ್ತು. ಒಂದು, ನಗುವುದೇ ಅಪರಾಧವಾದ ನಗರದ ಕಾದಂಬರಿಯ ಎರಡನೆಯ ಭಾಗ. ಮೊದಲನೆಯದನ್ನು ಓದಿದ ಹುಡುಗಿಯರು ಇದಕ್ಕಾಗಿ ಉಗುರು ಕಚ್ಚಿಕೊಂಡು ಕಾದಿದ್ದರು. ಇನ್ನೊಂದು, ತರಕಾರಿ ಬೆಳೆಸುವ ಕೈಪಿಡಿ. ಎರಡಕ್ಕೂ ಒಂದೇ ಕಾಗದ, ಒಂದೇ ಅಳತೆ. ಹಸಿದ ಕೈಗೆ ತರಕಾರಿಯೇ ಹತ್ತಿರವಾಯಿತು.

ಪುಸ್ತಕಗಳು ಗ್ರಂಥಾಲಯಕ್ಕೆ ಹೋದ ಮೇಲೆ ಅಕ್ಕ ಉಳಿದಿದ್ದ ಒಂದು ಪ್ರತಿಯನ್ನು ತೆರೆದಳು.

"ಲೋ, ಹುಡುಗಿ ಕೋಟೆ ಗೋಡೆ ಮೇಲೆ ನಿಂತಿದಾಳೆ, ಕೆಳಗೆ ಸೈನಿಕರು. ಪುಟ ತಿರುಗಿಸಿದ್ರೆ 'ಕುಂಬಳದ ಸಸಿ ಗೇಣುದ್ದ ಬಂದ ಮೇಲೆ ಬಡಕಲಾದವನ್ನು ಕನಿಕರವಿಲ್ಲದೆ ಕಿತ್ತುಹಾಕಿ' ಅಂತಿದೆಯಲ್ಲೋ."

ಅಂಟಣ್ಣನ ಮುಖ ಸುಣ್ಣದ ಗೋಡೆಯಾಯಿತು. ಇನ್ನೊಂದು ತಪ್ಪಾದರೆ ಅವನನ್ನೇ ಕಿತ್ತುಹಾಕುವುದಾಗಿ ಯಜಮಾನರು ಮೊನ್ನೆಯಷ್ಟೇ ಹೇಳಿದ್ದರು, ಅವರೂ ಕನಿಕರವಿಲ್ಲದೆ.

ಗ್ರಂಥಾಲಯಕ್ಕೆ ಓಡಿದ. "ಕೊಡಮ್ಮ, ಅಂಟು ಒಣಗಿಲ್ಲ" ಎಂದು ಓದುತ್ತ ಕೂತಿದ್ದ ಒಬ್ಬ ಹುಡುಗಿಯ ಪುಸ್ತಕಕ್ಕೆ ಕೈಹಾಕಿದ.

"ಅಂಕಲ್, ಮುಟ್ಟಿದ್ರೆ ಕಚ್ತೀನಿ" ಎಂದಳು, ಪುಟದಿಂದ ತಲೆ ಎತ್ತದೆ.

ಕಪಾಟಿನಲ್ಲಿ ಉಳಿದವನ್ನಷ್ಟೇ ಬಾಚಿ ತಂದು, ಬಿಚ್ಚಿ, ನಿಜವಾದ ಕೊನೆಯನ್ನು ಸೇರಿಸಿ ಕಟ್ಟಿ, ಸಂಜೆಗೆ ಮರಳಿಸಿ ಬಂದ. ಅವನು ಕಾಲೆಳೆದುಕೊಂಡು ಬರುವಷ್ಟರಲ್ಲಿ ಗ್ರಂಥಾಲಯದ ಫೋನು ಮೊದಲೇ ಬಂದಿತ್ತು, ಯಜಮಾನರು ಬಾಗಿಲಲ್ಲಿ ನಿಂತಿದ್ದರು.

"ಕಾದಂಬರಿಯೊಳಗೆ ಕುಂಬಳ ಸೇರಿಸಿದ್ದು ಯಾರು?"

"ನಾನೇ ಸಾರ್."

"ಭೇಷ್. ಹುಡುಗಿಯರು ಕುಣೀತಿದಾರಂತೆ. ಬಡಕಲು ಸಸಿ ಅಂದ್ರೆ ಪ್ರಜೆಗಳು, ಕುಂಬಳ ಅಂದ್ರೆ ಸರ್ವಾಧಿಕಾರಿ. 'ಎಲೆಯ ಅಡಿಯಲ್ಲಿ ಹುಳ ಹುಡುಕಿ' ಅನ್ನೋದು ಮೂರನೇ ಭಾಗಕ್ಕೆ ಸುಳಿವಂತೆ. ಲೇಖಕಿಯೂ 'ಹೌದು, ಬೇಕಂತಲೇ ಬರೆದೆ' ಅಂದ್ಬಿಟ್ರು."

ಅಂಟಣ್ಣನಿಗೆ ಹೋದ ಜೀವ ಬಂತು.

"ಆದ್ರೆ ಸಂಜೆ ಬಂದ ಪ್ರತಿಗಳಲ್ಲಿ ಕುಂಬಳವೇ ಇಲ್ವಂತೆ. ಆ ಪ್ರತಿ ಸಿಕ್ಕಿದವರೆಲ್ಲ ಅಳ್ತಿದಾರೆ. ಯಾವ ಪುಣ್ಯಾತ್ಮ ಕಟ್ಟಿದ್ದು ಅವನ್ನ?"

"ಅದೂ ನಾನೇ ಸಾರ್."

"ಹಾಗಾದ್ರೆ ಎಲ್ಲಾ ತಂದು, ಬಿಚ್ಚಿ, ಕುಂಬಳ ಹಾಕಿ ಕಟ್ಟು. ಮುಗಿಸದೆ ಮನೆಗೆ ಹೋಗ್ಬೇಡ. ಇನ್ನೊಂದು ತಪ್ಪಾದ್ರೆ ಗೊತ್ತಲ್ಲ."

ಅವನು ಮತ್ತೆ ಒಲೆ ಹಚ್ಚಿದ. ಅಂಟು ಕುದಿಯತೊಡಗಿತು. ವಾಸನೆಗೆ ಕಿರುಬೆರಳು ತಾನಾಗಿಯೇ ಪಾತ್ರೆಯ ಕಡೆಗೆ ಹೊರಟಿತು.

ಮನೆಗೆ ಹೊರಟಿದ್ದ ಅಕ್ಕ ಚೀಲ ಹೆಗಲಿಗೇರಿಸಿಕೊಂಡು ಬಂದು, ಅಂಟಿನ ಪಾತ್ರೆಯನ್ನು ಅತ್ತ ಸರಿಸಿ, ಅವನ ಮುಂದೆ ತನ್ನ ಡಬ್ಬಿ ಇಟ್ಟು ಹೋದಳು. ಮಧ್ಯಾಹ್ನದಿಂದ ಮುಟ್ಟದೆ ಇಟ್ಟಿದ್ದ ಅರ್ಧ ಊಟ ಅದರೊಳಗಿತ್ತು.